ಗರ್ಭನಿರೋಧಕ ಮಾತ್ರೆಯ ಜೊತೆಗೆ ಕಷಾಯ, ಚೂರ್ಣ, ನಾಟಿ ಔಷಧಿ: ತಾಯಂದಿರು ತಿಳಿದಿರಬೇಕಾದ ಸಂಗತಿಗಳು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಕಡೆಯಿಂದ ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ಹೆಣ್ಣುಮಕ್ಕಳನ್ನು "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಇಲ್ಲ" ಎಂದೇ. ಸ್ವಲ್ಪ ಮಾತನಾಡಿಸಿದ ಮೇಲೆ, ಬೆಳಿಗ್ಗೆ ಅಮೃತಬಳ್ಳಿ ಕಷಾಯ, ಸುಸ್ತಿಗೆ ಅಶ್ವಗಂಧದ ಪುಡಿ, ಹೊಟ್ಟೆ ಕಟ್ಟಿದಾಗ ಹರಳೆಣ್ಣೆ, ಮುಟ್ಟು ಸರಿಯಾಗಲೆಂದು ಅಶೋಕಾರಿಷ್ಟ, ಹೀಗೆ ಒಂದೊಂದಾಗಿ ಹೊರಬರುತ್ತವೆ. ಇವು ಔಷಧಿಯೆಂದು ಅವರಿಗೆ ಅನ್ನಿಸಿರುವುದಿಲ್ಲ. ಮನೆಯ ಪದಾರ್ಥಗಳೆಂದೇ ಭಾವಿಸಿರುತ್ತಾರೆ. ಇನ್ನು ಗರ್ಭನಿರೋಧಕ ಮಾತ್ರೆಯ ವಿಷಯ ಇದಕ್ಕೆ ತದ್ವಿರುದ್ಧ. ಅದನ್ನು ನುಂಗುವುದು ಅತ್ತೆಗೆ ಗೊತ್ತಿರುವುದಿಲ್ಲ, ಕೆಲವೊಮ್ಮೆ ಗಂಡನಿಗೂ ಗೊತ್ತಿರುವುದಿಲ್ಲ, ನಾಟಿ ವೈದ್ಯರಿಗಂತೂ ಹೇಳುವುದೇ ಇಲ್ಲ. ಹೀಗಾಗಿ ಎರಡೂ ಒಂದೇ ಹೊಟ್ಟೆ ಸೇರುತ್ತಿದ್ದರೂ ಅದು ಅವರೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಈ ಕರಪತ್ರದ ಉದ್ದೇಶ ಗಿಡಮೂಲಿಕೆಯನ್ನು ಹಳಿಯುವುದಲ್ಲ. ಮೈಸೂರಿನಲ್ಲಿ 1908ರಿಂದಲೂ ಆಯುರ್ವೇದ ಕಾಲೇಜು ನಡೆದುಬಂದಿದೆ. ಅದೇ ಮೈಸೂರು ಸಂಸ್ಥಾನದ ಸರ್ಕಾರ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ನೀಡುವ ವ್ಯವಸ್ಥೆ ಮಾಡಿತ್ತು. ಜಗತ್ತಿನಲ್ಲಿ ಸರ್ಕಾರವೊಂದು ಇಂತಹ ಕೆಲಸಕ್ಕೆ ಕೈಹಾಕಿದ್ದರಲ್ಲಿ ಅದು ಬಹಳ ಮೊದಲಿನದು. ಎರಡೂ ನಮ್ಮ ನೆಲಕ್ಕೆ ಹೊಸದಲ್ಲ, ಎರಡರಲ್ಲೂ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಎರಡನ್ನು ಸೇರಿಸಿದಾಗ ಕೆಲವು ಕಡೆ ಎಡವಟ್ಟಾಗುತ್ತದೆ. ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನಷ್ಟೇ ಇಲ್ಲಿ ತಿಳಿಸಲಾಗಿದೆ.

ಮಾತ್ರೆ ಕೆಲಸ ಮಾಡುವ ಬಗೆ

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಮತ್ತು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಮಾಲಾ-ಡಿ ಎರಡರಲ್ಲೂ ಇರುವುದು ಒಂದೇ ಔಷಧಿ. ಒಂದು ಪಟ್ಟಿಯಲ್ಲಿ 28 ಮಾತ್ರೆಗಳಿರುತ್ತವೆ. ಅವುಗಳಲ್ಲಿ 21 ಬಿಳಿ ಮಾತ್ರೆಗಳಲ್ಲಿ ಹಾರ್ಮೋನು ಇರುತ್ತದೆ. ಉಳಿದ 7 ಕಂದು ಮಾತ್ರೆಗಳು ಬರಿಯ ಕಬ್ಬಿಣಾಂಶದವು. ಬಿಳಿ ಮಾತ್ರೆಯೊಂದರಲ್ಲಿ ಲೀವೋನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ ಇರುತ್ತದೆ. ಎಳ್ಳುಕಾಳಿಗಿಂತಲೂ ಬಹಳ ಕಡಿಮೆ ತೂಕ! ಇಷ್ಟು ಅಲ್ಪ ಪ್ರಮಾಣದ ಹಾರ್ಮೋನು ಪ್ರತಿದಿನ ರಕ್ತದಲ್ಲಿ ಒಂದೇ ಮಟ್ಟದಲ್ಲಿದ್ದರೆ ಅಂಡಾಶಯದಿಂದ ಅಂಡ ಹೊರಬರುವುದಿಲ್ಲ, ಗರ್ಭಕೋಶದ ಬಾಯಿಯಲ್ಲಿನ ಲೋಳೆ ಗಟ್ಟಿಯಾಗಿ ವೀರ್ಯಾಣು ಒಳಸೇರುವುದಿಲ್ಲ.

ತಪ್ಪದೆ, ಸರಿಯಾಗಿ ನುಂಗಿದರೆ ವರ್ಷವೊಂದರಲ್ಲಿ ನೂರು ಮಂದಿಯಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಕಷ್ಟ. ಆದರೆ ದಿನನಿತ್ಯದ ಬದುಕಿನಲ್ಲಿ, ಮರೆವು, ವಾಂತಿ, ಊರಿಗೆ ಹೋದಾಗ ಪಟ್ಟಿ ಬಿಟ್ಟುಹೋಗುವುದು ಎಲ್ಲವನ್ನೂ ಸೇರಿಸಿದರೆ ನೂರರಲ್ಲಿ ಸುಮಾರು ಏಳು ಮಂದಿಗೆ ಗರ್ಭ ನಿಲ್ಲುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ನಾವು ನುಂಗಿದ ಹಾರ್ಮೋನು ಕರುಳಿನಲ್ಲಿ ಹೀರಲ್ಪಟ್ಟು ಲಿವರ್‌ಗೆ, ಅಂದರೆ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಅಲ್ಲಿರುವ ಕಿಣ್ವಗಳು ಅದನ್ನು ನಿಧಾನವಾಗಿ ಒಡೆದು ಹೊರಹಾಕುತ್ತವೆ. ಕಣದಲ್ಲಿ ಹತ್ತು ಆಳು ಮಾಡುವ ಕೆಲಸಕ್ಕೆ ಇಪ್ಪತ್ತು ಆಳು ಬಂದರೆ ರಾಶಿ ಬೇಗ ಕರಗುತ್ತದಲ್ಲವೇ? ಹಾಗೆಯೇ ಕೆಲವು ಪದಾರ್ಥಗಳು ಲಿವರ್‌ನ ಈ ಕಿಣ್ವಗಳ ಸಂಖ್ಯೆಯನ್ನು ಹೆಚ್ಚಿಸಿಬಿಡುತ್ತವೆ. ಆಗ ಮಾತ್ರೆಯ ಹಾರ್ಮೋನು ಬೇಗ ಖಾಲಿಯಾಗುತ್ತದೆ. ನೀವು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದ್ದರೂ ನಿಮ್ಮ ದೇಹಕ್ಕೆ ಅದು ತಪ್ಪಿಸಿದಂತೆಯೇ ಆಗುತ್ತದೆ.

ಖಚಿತವಾಗಿ ಹೀಗೆ ಮಾಡುವ ಒಂದು ಮೂಲಿಕೆ

ಯುರೋಪಿನ ಹಳದಿ ಹೂವಿನ ಗಿಡವೊಂದಿದೆ. ಅದರ ಹೆಸರು ಸೇಂಟ್ ಜಾನ್ಸ್ ವರ್ಟ್. ಶಾಸ್ತ್ರೀಯ ಹೆಸರು ಹೈಪೆರಿಕಮ್. ಮನಸ್ಸಿನ ಬೇಸರ, ನಿದ್ರೆ ಬಾರದಿರುವುದು, ಮುಟ್ಟು ನಿಲ್ಲುವ ಕಾಲದ ಕಿರಿಕಿರಿ ಇವಕ್ಕೆ ಇದರ ಕ್ಯಾಪ್ಸೂಲ್‌ಗಳನ್ನು ಮಾರುತ್ತಾರೆ. ಇದು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು, ಹೊರದೇಶದಲ್ಲಿರುವ ತಮ್ಮ, ಮೊಬೈಲಿನಲ್ಲಿ ತರಿಸಿಕೊಂಡ ಪೊಟ್ಟಣ, ಈ ದಾರಿಗಳಲ್ಲಿ ಹಳ್ಳಿಯ ಮನೆಗೂ ಬಂದು ಸೇರಬಹುದು. ಹೋಮಿಯೋಪತಿಯಲ್ಲಿ ಹೈಪೆರಿಕಮ್ ಹೆಸರಿನ ಮೂಲ ಟಿಂಕ್ಚರ್ ಎಂಬ ದ್ರವವಿದೆ. ಅದರಲ್ಲೂ ಈ ಗಿಡದ ಸತ್ವ ಇರುತ್ತದೆ.

ಈ ಮೂಲಿಕೆ ಲಿವರ್‌ನ ಕಿಣ್ವಗಳನ್ನು ಹೆಚ್ಚಿಸುತ್ತದೆ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಿದೆ. ಮಾತ್ರೆಯ ಜೊತೆ ಇದನ್ನು ಸೇವಿಸಿದ ಮಹಿಳೆಯರಿಗೆ ತಿಂಗಳ ನಡುವೆ ರಕ್ತ ಕಾಣಿಸಿಕೊಂಡಿದೆ, ಬೇಡದ ಗರ್ಭವೂ ನಿಂತಿದೆ. ಇಂತಹ ವರದಿಗಳ ಮೇಲೆಯೇ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ, ಹಾರ್ಮೋನಿನ ಮಾತ್ರೆ ನುಂಗುವವರು ಮತ್ತು ತೋಳಿನ ಚರ್ಮದಡಿ ಹಾರ್ಮೋನು ಕಡ್ಡಿ ಹಾಕಿಸಿಕೊಂಡವರು ಇದನ್ನು ಸೇವಿಸಬಾರದೆಂದು ಎಚ್ಚರಿಕೆ ನೀಡಿತು. ಇದನ್ನು ನಿಲ್ಲಿಸಿದ ಮಾರನೆಯ ದಿನವೇ ಎಲ್ಲವೂ ಸರಿಹೋಗುವುದಿಲ್ಲ. ಹೆಚ್ಚಿದ ಕಿಣ್ವ ಇಳಿಯಲು ಸಮಯ ಬೇಕು. ಆದ್ದರಿಂದ ಸೇವಿಸುವ ಅಷ್ಟೂ ದಿನ ಮತ್ತು ನಿಲ್ಲಿಸಿದ ಮೇಲೆ 28 ದಿನ ಕಾಂಡೋಮ್ ಬಳಸತಕ್ಕದ್ದು.

ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ಇದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತವೆ. ಕ್ಷಯರೋಗಕ್ಕೆ ಆರು ತಿಂಗಳು ಕೊಡುವ ಔಷಧಿಗಳಲ್ಲಿ ರಿಫಾಂಪಿಸಿನ್ ಒಂದು; ಅದನ್ನು ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಗುರುತಿಸುವುದು ಸುಲಭ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟೋನ್ ಕೂಡ ಇದೇ ಗುಂಪಿನವು. ಇವನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಬದಲಿಸಬೇಕಾದದ್ದು ಗರ್ಭನಿರೋಧಕ ವಿಧಾನವನ್ನು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು ಮತ್ತು ಕಾಪರ್-ಟಿ ಈ ಔಷಧಿಗಳಿಗೂ, ಮೇಲೆ ಹೇಳಿದ ಮೂಲಿಕೆಗೂ ಜಗ್ಗುವುದಿಲ್ಲ. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಆದ್ದರಿಂದ ಲಿವರ್ ಅದನ್ನು ಒಡೆಯುವ ಪ್ರಶ್ನೆಯೂ ಇಲ್ಲ.

ನಮ್ಮ ಸುತ್ತಲಿನ ಗಿಡಮೂಲಿಕೆಗಳು

"ಹಾಗಾದರೆ ನಾವು ಕುಡಿಯುವ ಕಷಾಯ?" ಎಂದು ನೀವು ಕೇಳಬಹುದು. ಜೀರಿಗೆ, ಮೆಣಸು, ಶುಂಠಿ, ತುಳಸಿ, ಕೊತ್ತಂಬರಿ ಬೀಜದ ಕಷಾಯ, ಒಂದೆಲಗದ ಚಟ್ನಿ, ಮೆಂತ್ಯದ ಸೊಪ್ಪು, ನುಗ್ಗೆ ಸೊಪ್ಪಿನ ಸಾರು, ನೆಲ್ಲಿಕಾಯಿ ಇವೆಲ್ಲ ಊಟದ ಪ್ರಮಾಣದಲ್ಲಿ ಇರುವಷ್ಟು ಕಾಲ ಮಾತ್ರೆಯ ವಿಷಯದಲ್ಲಿ ಚಿಂತೆ ಬೇಡ. ನೆಗಡಿಗೆ ಲಕ್ಕಿ ಸೊಪ್ಪಿನ ಹಬೆ ತೆಗೆದುಕೊಳ್ಳಬಹುದು. ಊಟದಂತೆ ಬಳಸುವುದು ಬೇರೆ, ಸತ್ವ ತೆಗೆದು ಕ್ಯಾಪ್ಸೂಲ್ ಮಾಡಿ ದಿನಕ್ಕೆರಡು ನುಂಗುವುದು ಬೇರೆ. ಒಂದು ಹಿಡಿ ಸೊಪ್ಪಿನಲ್ಲಿರದಷ್ಟು ಸತ್ವ ಒಂದು ಕ್ಯಾಪ್ಸೂಲ್‌ನಲ್ಲಿ ಇರಬಹುದು.

ಕೆಲವನ್ನು ಮಾತ್ರ ಬೇರೆಯಾಗಿ ಹೇಳಲೇಬೇಕು. ಮಂಡಿ ನೋವಿಗೆ, ಬೊಜ್ಜಿಗೆ ಕೊಡುವ ಗುಗ್ಗುಳದ ಗುಳಿಗೆಗಳು ಒಂದು. ಗುಗ್ಗುಳ ಸೇವಿಸಿದವರ ರಕ್ತದಲ್ಲಿ ಡಿಲ್ಟಿಯಾಜೆಮ್, ಪ್ರೊಪ್ರನೊಲಾಲ್ ಎಂಬ ಹೃದಯದ ಔಷಧಿಗಳ ಮಟ್ಟ ಇಳಿದದ್ದು ಪರೀಕ್ಷೆಯಲ್ಲಿ ಕಂಡುಬಂದಿದೆ. ಲಿವರ್‌ನ ಅದೇ ಕಿಣ್ವಗಳನ್ನು ಎಬ್ಬಿಸುವ ಗುಣವೂ ಪ್ರಯೋಗಶಾಲೆಯಲ್ಲಿ ಕಂಡಿದೆ. ಆದ್ದರಿಂದ ಗುಗ್ಗುಳ ತೆಗೆದುಕೊಳ್ಳುವಷ್ಟು ದಿನ ಮಾತ್ರೆಯೊಂದನ್ನೇ ನಂಬಿ ಕೂರದೆ ಕಾಂಡೋಮ್ ಸಹ ಬಳಸುವುದು ಕ್ಷೇಮ ಎಂಬುದು ನಮ್ಮ ಅಭಿಪ್ರಾಯ.

ಕೆಮ್ಮಿನ ಸಿರಪ್ಪು, ಗಂಟಲಿನ ಗುಳಿಗೆಗಳಲ್ಲಿ ಇರುವ ಅತಿಮಧುರ ಇನ್ನೊಂದು. ನಾಲ್ಕು ದಿನ ಕೆಮ್ಮಿಗೆ ಬಳಸಿದರೆ ಏನೂ ಆಗದು. ಆದರೆ ವಾರಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಅದು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ರಕ್ತದ ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಗರ್ಭನಿರೋಧಕ ಮಾತ್ರೆಗೂ ಕೆಲವರಲ್ಲಿ ಬಿ.ಪಿ. ಏರಿಸುವ ಗುಣ ಇದೆ. ಎರಡೂ ಸೇರಿದಾಗ ಬಿ.ಪಿ. ನೋಡಿಸಿಕೊಳ್ಳುವುದು ಅಗತ್ಯ.

ಅಮೃತಬಳ್ಳಿಯ ವಿಷಯದಲ್ಲಿ ವಾದವಿದೆ. ಕೋವಿಡ್ ಕಾಲದಲ್ಲಿ ಇದರ ಕಷಾಯ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಇದನ್ನು ಸೇವಿಸಿದ ಕೆಲವರಲ್ಲಿ ಲಿವರ್ ಊತ ಕಂಡದ್ದನ್ನು ವರದಿ ಮಾಡಿದರು. ಅದೇ ಬಗೆಯ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಅಶ್ವಗಂಧದಿಂದ ಲಿವರ್‌ಗೆ ತೊಂದರೆಯಾದ ವರದಿಗಳೂ ಅಪರೂಪವಾಗಿ ಇವೆ. ಆ ವಾದ ನಿಮಗೆ ಬೇಡ. ನಿಮಗೆ ಬೇಕಾದದ್ದು ಇಷ್ಟು: ಕಣ್ಣು ಹಳದಿಯಾದರೆ, ಮೂತ್ರ ಗಾಢ ಹಳದಿಯಾದರೆ, ಅನ್ನ ಕಂಡರೆ ವಾಕರಿಕೆ ಬಂದರೆ ಮಾಲಾ-ಎನ್ ಮತ್ತು ಕಷಾಯ ಎರಡನ್ನೂ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ. ಕಾಮಾಲೆಗೆ ನೆಲನೆಲ್ಲಿ ಕೊಡಿಸುವ ಮನೆಗಳಲ್ಲಿ, ಸೊಸೆ ಗುಟ್ಟಾಗಿ ನುಂಗುತ್ತಿರುವ ಮಾತ್ರೆಯ ಬಗ್ಗೆ ಯಾರೂ ಕೇಳುವುದಿಲ್ಲ. ಲಿವರ್ ಊದಿಕೊಂಡಿರುವಾಗ ಆ ಮಾತ್ರೆ ಮುಂದುವರಿಸಬಾರದು.

ಗಿಡಮೂಲಿಕೆ ಮತ್ತು ಮಾತ್ರೆ ಒಂದನ್ನೊಂದು ಕೆಡಿಸುವುದು ಬರೀ ವಿದೇಶದ ಮಾತೆಂದು ತಿಳಿಯಬೇಡಿ. ನಮ್ಮ ದೇಶದಲ್ಲೇ, ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದವರು ಜ್ಞಾಪಕಶಕ್ತಿಗೆಂದು ಶಂಖಪುಷ್ಪಿ ಸಿರಪ್ ಸೇರಿಸಿಕೊಂಡಾಗ ಹತೋಟಿಗೆ ಬಂದಿದ್ದ ಮೂರ್ಛೆ ಮರುಕಳಿಸಿದ್ದನ್ನು ವೈದ್ಯರು ಗಮನಿಸಿ, 1992ರಲ್ಲಿ ಅದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಮಕ್ಕಳ ಪರೀಕ್ಷೆಗೆಂದು ತಂದಿಟ್ಟ ಸಿರಪ್ಪನ್ನು ಮನೆಯವರೆಲ್ಲ ಒಂದೊಂದು ಚಮಚ ಕುಡಿಯುವುದು ನಮ್ಮಲ್ಲಿ ಇದ್ದದ್ದೇ.

ಬೇಧಿ, ವಾಂತಿ ಮತ್ತು ಹೊಗೆಸೊಪ್ಪಿನ ಕೆಲಸ

ಲಿವರ್‌ನ ಮಾತು ಹಾಗಿರಲಿ. ನಮ್ಮ ಕಡೆ ಮಾತ್ರೆ ಕೈಕೊಡಲು ಇನ್ನೂ ಸರಳವಾದ ಕಾರಣವಿದೆ. ಮಾತ್ರೆ ಹೊಟ್ಟೆಯಲ್ಲಿ ಉಳಿಯುವುದೇ ಇಲ್ಲ. ಹೊಟ್ಟೆ ಶುದ್ಧಿಗೆಂದು ಹರಳೆಣ್ಣೆ ಕುಡಿಯುವುದು, ಸೋನಾಮುಖಿ ಸೊಪ್ಪಿನ ಪುಡಿ ನುಂಗುವುದು ಹಳೆಯ ರೂಢಿ. ಜೋರಾಗಿ ಬೇಧಿಯಾದ ದಿನ ಮಾತ್ರೆ ಕರುಳಿನಲ್ಲಿ ಹೀರಲ್ಪಡದೆ ಹೊರಟುಹೋಗಬಹುದು. ಬೇಧಿ ಎರಡು ದಿನ ಮುಂದುವರಿದರೆ ಆ ದಿನಗಳ ಮಾತ್ರೆಯನ್ನು ತಪ್ಪಿಸಿದ ಲೆಕ್ಕಕ್ಕೇ ಹಿಡಿಯಬೇಕು. ರಾತ್ರಿ ಮಲಗುವಾಗ ಒಂದು ಚಮಚ ತ್ರಿಫಲಾ ತೆಗೆದುಕೊಂಡು ಬೆಳಿಗ್ಗೆ ಸಲೀಸಾಗಿ ಒಮ್ಮೆ ಹೋಗಿಬರುವುದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ವಾಂತಿಯ ನಿಯಮ ಇದು: ಬಿಳಿ ಮಾತ್ರೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಅದೇ ಪಟ್ಟಿಯಿಂದ ಇನ್ನೊಂದು ಬಿಳಿ ಮಾತ್ರೆ ನುಂಗಿ, ಮುಂದಿನ ದಿನದಿಂದ ಎಂದಿನಂತೆ ಮುಂದುವರಿಸಿ. ಪಟ್ಟಿ ಒಂದು ದಿನ ಮೊದಲೇ ಮುಗಿಯುತ್ತದೆ, ಅಷ್ಟೆ.

ಇಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಿಗೇ ವಿಶೇಷವಾದ ಒಂದು ಸಂಗತಿ ಇದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರದ ಕಡೆ ಮಳೆಗಾಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತೇವೆ. ಸೊಪ್ಪು ಮುರಿಯುವುದು, ಕಂಕುಳಲ್ಲಿ ಅವುಚಿಕೊಂಡು ತರುವುದು, ಕಡ್ಡಿಗೆ ಕಟ್ಟುವುದು ಇವುಗಳಲ್ಲಿ ಹೆಂಗಸರ ಪಾಲು ದೊಡ್ಡದು. ಮಳೆಗೋ ಇಬ್ಬನಿಗೋ ನೆಂದ ಹಸಿ ಸೊಪ್ಪಿನಿಂದ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ನೇರವಾಗಿ ಮೈಗೆ ಇಳಿಯುತ್ತದೆ. ಕೆಲವು ಗಂಟೆಗಳ ನಂತರ ತಲೆಸುತ್ತು, ತಲೆನೋವು, ವಾಕರಿಕೆ, ವಾಂತಿ ಶುರುವಾಗುತ್ತದೆ. ಬೀಡಿ ಮುಟ್ಟದ, ಎಲೆಯಡಿಕೆ ಹಾಕದ ಹೆಣ್ಣುಮಕ್ಕಳಿಗೆ ಇದು ಇನ್ನೂ ಜಾಸ್ತಿ. ಬಿಸಿಲಿಗೆ ಪಿತ್ತ ಕೆರಳಿತು ಎಂದುಕೊಂಡು ನಿಂಬೆರಸ ಕುಡಿದು ಸುಮ್ಮನಾಗುತ್ತಾರೆ; ಸಂಜೆ ನುಂಗಿದ ಮಾತ್ರೆಯೂ ಅದರೊಡನೆ ಹೊರಬಂದಿರಬಹುದು ಎಂಬುದು ಹೊಳೆಯುವುದಿಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಹೀಗೆ ನಾಲ್ಕಾರು ದಿನ ಆದರೆ ಆ ತಿಂಗಳು ಮಾತ್ರೆಯ ರಕ್ಷಣೆ ಇತ್ತೆಂದು ಹೇಳಲಾಗದು.

ತುಂಬು ತೋಳಿನ ಅಂಗಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ರೈನ್‌ಕೋಟು, ಕೈಗವಸು ಹಾಕಿಕೊಳ್ಳಿ. ನೆಂದ ಬಟ್ಟೆಯಲ್ಲೇ ದಿನವಿಡೀ ಇರಬೇಡಿ. ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈಕಾಲು ತೊಳೆಯಿರಿ. ಪ್ರತಿ ವರ್ಷ ಈ ಕೆಲಸಕ್ಕೆ ಹೋಗುವವರು, ವಾಂತಿ ಆಗುವವರು ಮಾತ್ರೆಗಿಂತ ಅಂತರ ಅಥವಾ ಕಾಪರ್-ಟಿ ಕಡೆ ಯೋಚಿಸುವುದು ಒಳ್ಳೆಯದು. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು: 35 ವರ್ಷ ದಾಟಿ, ಬೀಡಿ ಸೇದುವ ಅಭ್ಯಾಸವಿರುವವರು ಮಾಲಾ-ಎನ್ ತೆಗೆದುಕೊಳ್ಳಲೇಬಾರದು.

ಪಥ್ಯದ ಹೆಸರಿನಲ್ಲಿ ಮಾತ್ರೆ ಬಿಡುವುದು

"ಮೂರು ದಿನ ಇಂಗ್ಲಿಷ್ ಔಷಧಿ ಮುಟ್ಟಬಾರದು, ಆಮೇಲೆ ನಮ್ಮ ಬೇರು ಕೆಲಸ ಮಾಡುತ್ತದೆ" ಎಂದು ಪಥ್ಯ ಹೇಳುವವರಿದ್ದಾರೆ. ಮೂಳೆ ಮುರಿತಕ್ಕೆ ಕಟ್ಟು ಹಾಕುವವರು, ಕಾಮಾಲೆಗೆ ಔಷಧಿ ಕೊಡುವವರು, ಬಿಳಿ ಸೆರಗಿಗೆ ಪುಡಿ ಕೊಡುವವರು ಎಲ್ಲರೂ ಸದುದ್ದೇಶದಿಂದಲೇ ಹೇಳುತ್ತಾರೆ. ಎದುರಿಗೆ ಕುಳಿತಾಕೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾಳೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಆಕೆ ಹೇಳುವುದಿಲ್ಲ, ಮೂರು ದಿನ ಮಾತ್ರೆ ಬಿಡುತ್ತಾಳೆ. ನಮ್ಮ ತಿಳಿವಳಿಕೆಯಲ್ಲಿ, ಯಾವ ಮೂಲಿಕೆಯ ಗುಣಕ್ಕಿಂತಲೂ ಈ ಪಥ್ಯದಿಂದಲೇ ಹೆಚ್ಚು ನಷ್ಟವಾಗುತ್ತಿದೆ.

ಒಂದು ಬಿಳಿ ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೆ ನುಂಗಿ. ಎರಡು ಅಥವಾ ಹೆಚ್ಚು ತಪ್ಪಿದ್ದರೆ, ಒಂದನ್ನು ತಕ್ಷಣ ನುಂಗಿ ಮುಂದುವರಿಸಿ. ಮುಂದಿನ ಏಳು ದಿನ ಕಾಂಡೋಮ್ ಬೇಕೇ ಬೇಕು. ಎಲ್ಲಕ್ಕಿಂತ ಅಪಾಯದ ಸಮಯ ಹೊಸ ಪಟ್ಟಿಯ ಮೊದಲ ದಿನಗಳು. ಕಂದು ಮಾತ್ರೆಯ ಏಳು ದಿನ ಈಗಾಗಲೇ ಹಾರ್ಮೋನು ಇರುವುದಿಲ್ಲ. ಅದರ ಮೇಲೆ ಹೊಸ ಪಟ್ಟಿಯನ್ನೂ ಎರಡು ಮೂರು ದಿನ ತಡಮಾಡಿದರೆ ಅಂಡಾಶಯ ಎಚ್ಚರಗೊಂಡುಬಿಡುತ್ತದೆ. ಅಂತಹ ದಿನಗಳಲ್ಲಿ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ತುರ್ತು ಮಾತ್ರೆ ಪಡೆಯಬಹುದು. ಆದರೆ ರಿಫಾಂಪಿಸಿನ್, ಮೂರ್ಛೆರೋಗದ ಔಷಧಿ ಅಥವಾ ಸೇಂಟ್ ಜಾನ್ಸ್ ವರ್ಟ್ ಸೇವಿಸುತ್ತಿರುವವರಲ್ಲಿ ತುರ್ತು ಮಾತ್ರೆಯೂ ದುರ್ಬಲವಾಗುತ್ತದೆ. ಅಂಥವರು ವೈದ್ಯರಿಗೆ ಅದನ್ನು ತಪ್ಪದೆ ಹೇಳಬೇಕು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು ಹೆಚ್ಚು ಭದ್ರ.

ಬಾಣಂತಿಯರಿಗೆ

ಹಾಲು ಹೆಚ್ಚಲೆಂದು ಶತಾವರಿ ಲೇಹ್ಯ, ಮೆಂತ್ಯದ ಉಂಡೆ, ಸಬ್ಬಸಿಗೆ ಸೊಪ್ಪು ಕೊಡುವ ಮನೆಯಲ್ಲೇ ಬಾಣಂತಿ ಮಾಲಾ-ಎನ್ ಶುರುಮಾಡಿರುವುದುಂಟು. ಈಸ್ಟ್ರೊಜೆನ್ ಇರುವ ಈ ಮಾತ್ರೆ ಎದೆಹಾಲನ್ನು ಕಡಿಮೆ ಮಾಡಬಹುದು. ಒಂದು ಕೈಯಲ್ಲಿ ಕೊಡ ತುಂಬಿಸುತ್ತ ಇನ್ನೊಂದು ಕೈಯಲ್ಲಿ ತೂತು ಕೊರೆದಂತೆ. ಮಗುವಿಗೆ ಆರು ತಿಂಗಳು ತುಂಬುವವರೆಗೆ ಹಾಲೂಡಿಸುವ ತಾಯಿ ಈ ಮಾತ್ರೆ ತೆಗೆದುಕೊಳ್ಳಬಾರದು. ಲೇಹ್ಯ ಜಾಸ್ತಿ ಮಾಡಿ ಫಲವಿಲ್ಲ, ವಿಧಾನ ಬದಲಿಸಿ. ಹೆರಿಗೆಯಾದ 48 ಗಂಟೆಯೊಳಗೆ ಅಥವಾ ಆರು ವಾರದ ನಂತರ ಕಾಪರ್-ಟಿ, ಆರು ವಾರದ ನಂತರ ಅಂತರ ಚುಚ್ಚುಮದ್ದು, ಇಲ್ಲವೇ ಛಾಯಾ ಮಾತ್ರೆ ಆಗುತ್ತದೆ. ಛಾಯಾದಲ್ಲಿರುವುದು ಲಕ್ನೋದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಸೆಂಟ್‌ಕ್ರೋಮನ್. ಅದು ಹಾರ್ಮೋನು ಅಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ವಾಂತಿ ಬೇಧಿಯ ಎಚ್ಚರಿಕೆ ಇದಕ್ಕೂ ಅಗತ್ಯ.

ರಕ್ತ ಕಂಡಾಗ, ಮುಟ್ಟು ತಪ್ಪಿದಾಗ

ಮಾತ್ರೆ ಶುರುಮಾಡಿದ ಮೊದಲ ಮೂರು ತಿಂಗಳು ನಡುನಡುವೆ ಸ್ವಲ್ಪ ರಕ್ತ ಕಾಣುವುದು ಸಹಜ, ತಾನಾಗಿ ನಿಲ್ಲುತ್ತದೆ. ಆದರೆ ವರ್ಷದಿಂದ ಸರಿಯಾಗಿದ್ದು, ಹೊಸದೊಂದು ಪುಡಿಯನ್ನೋ ಕ್ಯಾಪ್ಸೂಲನ್ನೋ ಶುರುಮಾಡಿದ ಮೇಲೆ ನಡುವೆ ರಕ್ತ ಕಂಡರೆ ಅದು ಹಾರ್ಮೋನಿನ ಮಟ್ಟ ಇಳಿದದ್ದರ ಸೂಚನೆ ಇರಬಹುದು. ಆಗ ಅಶೋಕಾರಿಷ್ಟ ಕುಡಿದು ಅದನ್ನು ನಿಲ್ಲಿಸಲು ಹೋಗಬೇಡಿ. ಮನೆಯಲ್ಲಿ ಹೊಗೆ ಕಂಡಾಗ ಕಿಟಕಿ ಮುಚ್ಚಿದಂತಾಗುತ್ತದೆ. ಮಾತ್ರೆ ಮುಂದುವರಿಸಿ, ಕಾಂಡೋಮ್ ಬಳಸಿ, ಹೊಸದಾಗಿ ಶುರುಮಾಡಿದ್ದನ್ನು ನಿಲ್ಲಿಸಿ, ಬಂದು ತೋರಿಸಿ.

ಕಂದು ಮಾತ್ರೆಯ ವಾರದಲ್ಲಿ ಮುಟ್ಟು ಬಾರದಿದ್ದರೆ ಎಳ್ಳು ಬೆಲ್ಲ, ಪಪ್ಪಾಯಿ, "ಉಷ್ಣದ" ಕಷಾಯಗಳನ್ನು ಕುಡಿದು ಕಾಯುವುದು ವ್ಯರ್ಥ. ಆಶಾ ಕಾರ್ಯಕರ್ತೆಯ ಬಳಿ ನಿಶ್ಚಯ್ ಎಂಬ ಗರ್ಭಪರೀಕ್ಷೆಯ ಕಿಟ್ ಉಚಿತವಾಗಿ ದೊರೆಯುತ್ತದೆ. ಎರಡು ಹನಿ ಮೂತ್ರ, ಐದು ನಿಮಿಷ. ಗರ್ಭ ನಿಂತಿದ್ದರೆ ಮಾತ್ರೆ ನಿಲ್ಲಿಸಿ. ತಿಳಿಯದೆ ಕೆಲವು ದಿನ ಮಾತ್ರೆ ನುಂಗಿದ್ದರಿಂದ ಮಗುವಿಗೆ ಅಂಗವಿಕಲತೆ ಬರುತ್ತದೆಂಬ ಭಯ ಬೇಡ, ಅದಕ್ಕೆ ಆಧಾರವಿಲ್ಲ. ಗರ್ಭ ಬೇಡವೆನಿಸಿದರೂ ಬೇರು, ಕಡ್ಡಿ, ಕಾಡಿನ ಕಷಾಯದ ದಾರಿ ಹಿಡಿಯಬೇಡಿ. ಅತಿ ರಕ್ತಸ್ರಾವ, ನಂಜು ಆಗಿ ತಾಯಿಯ ಜೀವಕ್ಕೇ ಕುತ್ತು. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು 20 ವಾರದೊಳಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ಮದುವೆಯಾದ ಹೆಣ್ಣಿಗೆ ಗಂಡನ ಸಹಿಯೂ ಬೇಕಾಗಿಲ್ಲ, ಆಕೆಯ ಒಪ್ಪಿಗೆ ಸಾಕು.

ಜೊತೆಗೆ ಬಂದಿರುವ ಬಂಧುಗಳಿಗೆ

ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾತ್ರೆ ನುಂಗುವವರು ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಹೆಚ್ಚಾಗಿ ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಬಿಡುವು ಬಯಸುವ ಚಿಕ್ಕ ವಯಸ್ಸಿನವರು. ಹಾಗಾಗಿ ಮನೆಯ ಹಿರಿಯ ಹೆಂಗಸರಿಗೆ ಮಾತ್ರೆಯ ಅನುಭವ ಇರುವುದಿಲ್ಲ, "ಅದರಿಂದ ಮುಂದೆ ಮಕ್ಕಳಾಗುವುದಿಲ್ಲ" ಎಂಬ ಭಯವೂ ಇರುತ್ತದೆ. ಅದು ನಿಜವಲ್ಲ, ಮಾತ್ರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವ ಶಕ್ತಿ ಮರಳುತ್ತದೆ. ಸೊಸೆ ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡದೆ ಗೂಡಿನಲ್ಲಿಡುವಂತಾದರೆ ಕಷಾಯ ಕೊಡುವ ಅತ್ತೆಯೇ "ಇದರ ಜೊತೆ ಇದು ಆಗುತ್ತದೆಯೇ?" ಎಂದು ಕೇಳಬಲ್ಲರು.

ಹೊರರೋಗಿ ವಿಭಾಗಕ್ಕೆ ಬರುವಾಗ ಮನೆಯಲ್ಲಿ ತೆಗೆದುಕೊಳ್ಳುತ್ತಿರುವುದನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಅರ್ಧ ಮುಗಿದ ಪಟ್ಟಿ, ಚೂರ್ಣದ ಡಬ್ಬಿ, ಸಿರಪ್ಪು ಎಲ್ಲವೂ ಇರಲಿ. ಹಾಡಿಯ ಹಿರಿಯರು ಕೊಟ್ಟ ಬೇರಾದರೆ ಸಾಧ್ಯವಿದ್ದರೆ ಅದರ ಎಲೆಯನ್ನೂ ತನ್ನಿ. ಅವರಿಗೆ ಗಿಡಗಳ ಬಗ್ಗೆ ಇರುವ ಜ್ಞಾನ ದೊಡ್ಡದು, ನಮಗೆ ಬೇಕಾಗಿರುವುದು ಅದು ಯಾವ ಗಿಡವೆಂಬುದಷ್ಟೆ. ಅಂಗಡಿಯ ಆಯುರ್ವೇದ ಔಷಧಿಯ ಮೇಲೆ ಪರವಾನಗಿ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಇರಬೇಕು. ಸಂತೆಯಲ್ಲಿ ಬಿಳಿ ಕಾಗದದಲ್ಲಿ ಕಟ್ಟಿಕೊಡುವ, "ಮೈ ತುಂಬಿಕೊಳ್ಳುತ್ತದೆ", "ಎಲ್ಲ ನೋವಿಗೂ ಒಂದೇ" ಎನ್ನುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್, ನೋವಿನ ಮಾತ್ರೆಯ ಪುಡಿ ಬೆರೆಸಿರುವುದುಂಟು. ಅವನ್ನು ಮಾತ್ರೆಯ ಜೊತೆಗಿರಲಿ, ಒಂಟಿಯಾಗಿಯೂ ಸೇವಿಸಬೇಡಿ.

ಗಂಡ, ಅತ್ತೆಯ ಎದುರು ಹೇಳಲು ಸಂಕೋಚವಾದರೆ ನರ್ಸಮ್ಮನವರಿಗೆ ಸೂಚನೆ ಕೊಡಿ, ನಿಮ್ಮನ್ನು ಒಬ್ಬರನ್ನೇ ಒಳಗೆ ಕರೆಯುತ್ತಾರೆ.

ಒಂದು ಕಾಲು ಮಾತ್ರ ಊದಿ ಮೀನಖಂಡ ನೋಯುವುದು, ಎದೆನೋವು ಅಥವಾ ಏದುಸಿರು, ಹಿಂದೆಂದೂ ಇಲ್ಲದಂತಹ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ತೀವ್ರ ಹೊಟ್ಟೆನೋವು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಮಾತ್ರೆ ನಿಲ್ಲಿಸಿ, ಮರುದಿನದ ಓ.ಪಿ.ಡಿ.ಗೆ ಕಾಯದೆ, ಹಗಲಿರಲಿ ರಾತ್ರಿಯಿರಲಿ, ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರತಕ್ಕದ್ದು. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.